ಒಂದೇ ಥರ ಕಾಣುವ ಇರುವೆಗಳಿಗೆ ಡಿಎನ್‌ಎ ಬಾರ್‌ಕೋಡಿಂಗ್: ಗೂಡಿನಿಂದ ಹೆಸರಿನ ತನಕ

ಪುಣೆಯ ನಮ್ಮ ಮನೆಯ ಮೆಟ್ಟಿಲಲ್ಲಿ ದೊಡ್ಡ ಕರಿ ಇರುವೆ ಕಂಡರೆ ನಾನು ಗೊದ್ದ ಅನ್ನುತ್ತೇನೆ. ಎದುರುಮನೆ ಕಾಕು ಮರಾಠಿಯಲ್ಲಿ ಮುಂಗಳಾ ಅನ್ನುತ್ತಾರೆ. ಇಬ್ಬರೂ ಒಂದೇ ಜಾತಿಯ ಇರುವೆಗೆ ಹಾಗೆ ಹೇಳುತ್ತಿದ್ದೇವೆ ಅಂತ ಗ್ಯಾರಂಟಿ ಏನೂ ಇಲ್ಲ. 2016ರಲ್ಲಿ ಬಂದ ಪಟ್ಟಿಯ ಪ್ರಕಾರ ಭಾರತದಲ್ಲಿ 828 ಬಗೆಯ ಇರುವೆಗಳಿವೆ, ಉಪಜಾತಿಗಳೂ ಸೇರಿ. ಅವುಗಳಲ್ಲಿ ಎಷ್ಟೋ ಇರುವೆಗಳನ್ನು ಬೇರೆ ಮಾಡಬೇಕಾದರೆ ಸೂಕ್ಷ್ಮದರ್ಶಕದ ಕೆಳಗೆ ಕೂದಲು ಎಣಿಸಬೇಕು, ಸೊಂಟದ ಮುಳ್ಳು ಅಳೆಯಬೇಕು. ಅಷ್ಟು ಮಾಡಿದರೂ ಕೆಲವು ಸಲ ತಲೆ ಕೆರೆದುಕೊಳ್ಳುವುದೇ ಗತಿ.

ಇಂಥ ಕಡೆ ಡಿಎನ್‌ಎ ಬಾರ್‌ಕೋಡಿಂಗ್ ಕೈ ಹಿಡಿಯುತ್ತದೆ. ಕಾಲೇಜಿನ ಹುಡುಗರಿಗೆ ಇದನ್ನು ಹೇಳಿಕೊಡುತ್ತಾ ನಾನೂ ಸಾಕಷ್ಟು ಟ್ಯೂಬ್ ಹಾಳು ಮಾಡಿದ್ದೇನೆ. ಒಂದು ವಿಷಯ ಈಗಲೇ ಹೇಳಿಬಿಡುತ್ತೇನೆ. ಮೆಷಿನ್‌ನಿಂದ ಬರುವುದು ಅಕ್ಷರಗಳು ಮಾತ್ರ, ಹೆಸರಲ್ಲ. ಹೆಸರು ಸಿಗಬೇಕಾದರೆ ಇರುವೆಯ ದೇಹ ಉಳಿದಿರಬೇಕು, ಲೇಬಲ್ ಸರಿಯಿರಬೇಕು. ಹಾಗಾಗಿ ಲ್ಯಾಬಿನ ಕೆಲಸಕ್ಕಿಂತ ಮೊದಲಿನ ಕೆಲಸದ ಬಗ್ಗೆ ಇಲ್ಲಿ ಜಾಸ್ತಿ ಬರೆದಿದ್ದೇನೆ.

ಬಾರ್‌ಕೋಡ್ ಅಂದರೆ ಯಾವ ತುಂಡು?

ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಪಾಲ್ ಹೀಬರ್ಟ್ ಮತ್ತು ಜೊತೆಗಾರರು 2003ರಲ್ಲಿ ಒಂದು ವಿಚಾರ ಮುಂದಿಟ್ಟರು. ಪ್ರಾಣಿಗಳ ಮೈಟೊಕಾಂಡ್ರಿಯದಲ್ಲಿರುವ ಸಿಒಐ ಅನ್ನುವ ಜೀನ್‌ನ ಒಂದೇ ತುಂಡನ್ನು ಎಲ್ಲ ಪ್ರಾಣಿಗಳಲ್ಲೂ ಓದಿದರೆ, ಅಂಗಡಿ ಸಾಮಾನಿನ ಬಾರ್‌ಕೋಡ್ ಹಾಗೆ ಅದರಿಂದಲೇ ಜಾತಿ ಗುರುತಿಸಬಹುದು ಅಂತ. ಆ ತುಂಡಿನ ಉದ್ದ 658 ಅಕ್ಷರ. ಎ, ಟಿ, ಜಿ, ಸಿ ಅನ್ನುವ ನಾಲ್ಕೇ ಅಕ್ಷರಗಳು ಅದಲುಬದಲಾಗಿ ಬರುತ್ತವೆ.

ಮೈಟೊಕಾಂಡ್ರಿಯವೇ ಯಾಕೆ ಅಂದರೆ, ಒಂದು ಜೀವಕೋಶದಲ್ಲಿ ಅದರ ಡಿಎನ್‌ಎ ಪ್ರತಿಗಳು ನೂರಾರು ಇರುತ್ತವೆ. ಗೊದ್ದದ ಒಂದು ಕಾಲು ಸಿಕ್ಕರೂ ಕೆಲಸ ನಡೆಯುತ್ತದೆ. ಆದರೆ ಇದು ತಾಯಿಯಿಂದ ಮಾತ್ರ ಮಕ್ಕಳಿಗೆ ಬರುವ ಡಿಎನ್‌ಎ. ಅಪ್ಪನ ಕಡೆಯ ಕತೆ ಇದರಲ್ಲಿ ಸಿಗುವುದಿಲ್ಲ. ಇದರಿಂದ ಆಗುವ ತೊಂದರೆ ಮುಂದೆ ಬರುತ್ತದೆ.

1. ಪ್ರಶ್ನೆ ಇಟ್ಟುಕೊಂಡು ಹೊರಡಿ

ಸುಮ್ನೆ ಕಂಡ ಕಂಡ ಇರುವೆ ಹಿಡಿದು ಸೀಕ್ವೆನ್ಸ್ ಮಾಡಿಸಿದರೆ, ಅಂದರೆ ಅದರ ಡಿಎನ್‌ಎ ಅಕ್ಷರ ಓದಿಸಿದರೆ, ದುಡ್ಡು ದಂಡ. ಚಗಳಿಯನ್ನೇ ತಗೊಳ್ಳಿ, ಮಲೆನಾಡಿನಲ್ಲಿ ಚಟ್ನಿ ಅರೆಯುವ ಎಲೆಗೂಡಿನ ಕೆಂಪಿರುವೆ. ಅದನ್ನು ಗುರುತಿಸಲು ಡಿಎನ್‌ಎ ಬೇಕಿಲ್ಲ, ಕಣ್ಣು ಸಾಕು. ಕಣ್ಣು ಸೋಲುವ ಕಡೆಗೆ ಹೋಗಿ.

ನಮ್ಮ ಪ್ರಶ್ನೆ ಹುಟ್ಟಿದ್ದು ಪುಣೆಯ ವೇತಾಳ ಟೇಕಡಿ ಅನ್ನುವ ಗುಡ್ಡದಲ್ಲಿ. ಅಲ್ಲಿ ಎರಡು ಮರಗಳಲ್ಲಿ ಕ್ರೆಮಾಟೊಗ್ಯಾಸ್ಟರ್ ಕುಲದ ಇರುವೆಗಳು ಓಡಾಡುತ್ತಿದ್ದವು. ಈ ಕುಲ ಗುರುತಿಸುವುದು ಸುಲಭ. ಮೇಲಿನಿಂದ ನೋಡಿದರೆ ಹೊಟ್ಟೆ ಹೃದಯದ ಆಕಾರ. ಸೊಂಟ ಬಂದು ಹೊಟ್ಟೆಯ ಮೇಲ್ಭಾಗಕ್ಕೆ ಸೇರಿರುತ್ತದೆ. ಹಾಗಾಗಿ ಕೆಣಕಿದರೆ ಚೇಳು ಕೊಂಡಿ ಎತ್ತಿದ ಹಾಗೆ ಹೊಟ್ಟೆಯನ್ನು ತಲೆಯ ಮೇಲೆ ತರುತ್ತದೆ. ಈ ಕುಲದ ಕೆಲವು ಜಾತಿಗಳು ಮರದ ಮೇಲೆ ರಟ್ಟಿನಂಥ ಗೂಡು ಕಟ್ಟುತ್ತವೆ. ಆ ಗೂಡನ್ನೇ ಕೊರೆದು ಕಂದು ಮರಕುಟಿಗ ಮೊಟ್ಟೆ ಇಡುತ್ತದೆ. ಇರುವೆ ತಿನ್ನುವ ಹಕ್ಕಿಗೆ ಇರುವೆ ಗೂಡಲ್ಲೇ ಬಾಣಂತನ!

ಕುಲ ಗೊತ್ತಾಯಿತು, ಜಾತಿ ಯಾವುದು? ಒಂದು ಮರದವು ಸ್ವಲ್ಪ ಕೆಂಪು, ಇನ್ನೊಂದರವು ಸ್ವಲ್ಪ ಕಂದು. ಬಣ್ಣವನ್ನು ನಂಬುವ ಹಾಗಿಲ್ಲ, ಗೂಡಿನಿಂದ ಹೊಸದಾಗಿ ಬಂದ ಇರುವೆಗಳು ಯಾವಾಗಲೂ ತಿಳಿ ಬಣ್ಣದವೇ. "ಸರ್, ಇವು ಒಂದೇನಾ, ಎರಡಾ?" ಅಂತ ಒಬ್ಬಳು ವಿದ್ಯಾರ್ಥಿನಿ ಕೇಳಿದಳು. ಬಾರ್‌ಕೋಡಿಂಗ್‌ಗೆ ಒಳ್ಳೆಯ ಪ್ರಶ್ನೆ ಅಂದರೆ ಇದೇ. "ಇದರ ಹೆಸರೇನು" ಅನ್ನುವುದಕ್ಕಿಂತ "ಇವು ಒಂದೇನಾ, ಎರಡಾ" ಅನ್ನುವುದಕ್ಕೆ ಅದು ಚೆನ್ನಾಗಿ ಉತ್ತರ ಕೊಡುತ್ತದೆ.

ಉಲ್ಟಾ ಪ್ರಶ್ನೆಯೂ ಇರುತ್ತದೆ. ಗೊದ್ದಗಳಲ್ಲಿ ಒಂದೇ ಗೂಡಿನ ದೊಡ್ಡ ತಲೆಯ ಕೆಲಸಗಾರ ಮತ್ತು ಸಣ್ಣ ಕೆಲಸಗಾರ ಇರುವೆಗಳನ್ನು ಪಕ್ಕಪಕ್ಕ ಇಟ್ಟರೆ ಹೊಸಬರು ಎರಡು ಜಾತಿ ಅಂತಲೇ ಬರೆಯುತ್ತಾರೆ. ಫೀಡೋಲೆ ಕುಲದಲ್ಲಂತೂ ಸೈನಿಕರ ತಲೆ ಮೈಗಿಂತ ದೊಡ್ಡದು ಅನ್ನಿಸುವಷ್ಟಿರುತ್ತದೆ. ಇಂಥ ಕಡೆ ಬಾರ್‌ಕೋಡ್ ಎರಡನ್ನೂ ಒಂದು ಮಾಡುತ್ತದೆ.

2. ಹಿಡಿಯುವುದು, ಲೇಬಲ್ ಮಾಡುವುದು

ಶುರುವಿಗೆ ಮನೆಯ ಕಾಂಪೌಂಡ್, ಕಾಲೇಜಿನ ತೋಟ ಸಾಕು. ಟೇಕಡಿಗಳಲ್ಲಿ ಅರಣ್ಯ ಇಲಾಖೆಯ ಜಾಗ ಇದ್ದರೆ ಕೇಳಿಯೇ ಹಿಡಿಯಿರಿ. ಮುಂಬೈನ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ, ಗೋವಾದ ಮೊಲ್ಲೆಂ ಅಥವಾ ಬೋಂಡ್ಲಾ ಥರದ ರಕ್ಷಿತ ಕಾಡಿಗೆ ಲಿಖಿತ ಅನುಮತಿ ಬೇಕೇ ಬೇಕು. ಇರುವೆ ತಾನೇ ಅಂತ ಹೋಗಬೇಡಿ.

ಒಂದು ಗೂಡಿನಿಂದ 10–15 ಕೆಲಸಗಾರ ಇರುವೆ ತಗೊಳ್ಳಿ. ಮೆತ್ತನೆಯ ಚಿಮಟ ಅಥವಾ ಒದ್ದೆ ಮಾಡಿದ ಬಣ್ಣದ ಬ್ರಷ್ ಸಾಕು. ರಾಣಿ ಅಥವಾ ರೆಕ್ಕೆಯ ಗಂಡು ಸಿಕ್ಕರೆ ಅದೃಷ್ಟ. ನೈಲಾಂಡೇರಿಯಾ ಥರದ ಕುಲಗಳಲ್ಲಿ ಗಂಡಿರುವೆ ಇಲ್ಲದಿದ್ದರೆ ತಜ್ಞರೂ ಕೈ ಚೆಲ್ಲುತ್ತಾರೆ. ಒಂದೇ ಜಾತಿ ಅನ್ನಿಸಿದ್ದನ್ನು ಕನಿಷ್ಠ ಮೂರು ಗೂಡಿನಿಂದ, ಆದಷ್ಟು ದೂರದೂರದ ಗೂಡಿನಿಂದ ಹಿಡಿಯಿರಿ. ಒಂದೇ ಗೂಡಿನವು ಸಾಮಾನ್ಯವಾಗಿ ಒಂದೇ ತಾಯಿಯ ಮಕ್ಕಳು. ಒಬ್ಬ ಅಮ್ಮನ ಹತ್ತು ಮಕ್ಕಳನ್ನು ಓದಿದರೆ ಹತ್ತು ಸಲ ಅಮ್ಮನನ್ನೇ ಓದಿದ ಹಾಗೆ.

ಹಿಡಿದ ತಕ್ಷಣ 95 ಶೇಕಡಾ ಅಥವಾ ಅದಕ್ಕಿಂತ ಶುದ್ಧ ಎಥನಾಲ್‌ಗೆ ಹಾಕಿ. ಎಥನಾಲ್‌ಗೆ ಅಬಕಾರಿ ನಿಯಮ ಇರುವುದರಿಂದ ಕಾಲೇಜಿನ ಮೂಲಕ ತಗೊಳ್ಳುವುದೇ ಸಲೀಸು. ಫಾರ್ಮಲಿನ್ ಬೇಡವೇ ಬೇಡ, ಅದು ಡಿಎನ್‌ಎ ಹಾಳು ಮಾಡುತ್ತದೆ. ಹ್ಯಾಂಡ್ ಸ್ಯಾನಿಟೈಸರ್, ಪಾಲಿಶ್ ಸ್ಪಿರಿಟ್ ಕೂಡ ಬೇಡ. ಇರುವೆ ಕಾಲು ಭಾಗ, ಎಥನಾಲ್ ಮುಕ್ಕಾಲು ಭಾಗ ಇರಲಿ. ಮರುದಿನ ಒಮ್ಮೆ ಎಥನಾಲ್ ಬದಲಾಯಿಸಿ ಫ್ರೀಜರ್‌ನಲ್ಲಿಡಿ.

ಈಗ ಲೇಬಲ್. ನನ್ನ ಮೊದಲ ವರ್ಷದ ಕತೆ ಕೇಳಿ. ಮುಳಶಿ ಕಡೆ ಎರಡು ದಿನ ಅಲೆದು 40 ಟ್ಯೂಬ್ ತುಂಬಿಸಿದ್ದೆ. ಎಲ್ಲದರ ಒಳಗೂ ನೀಟಾಗಿ ಬಾಲ್‌ಪೆನ್‌ನಲ್ಲಿ ಬರೆದ ಚೀಟಿ. ವಾರದ ನಂತರ ಡಬ್ಬಿ ತೆರೆದರೆ ಚೀಟಿಗಳೆಲ್ಲ ಖಾಲಿ, ಎಥನಾಲ್ ತಿಳಿ ನೀಲಿ. ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ ಬರೆದದ್ದೂ ಕೈಗೆ ತಾಗಿದ ಎಥನಾಲ್‌ಗೆ ಅಳಿಸಿತ್ತು. 40 ಟ್ಯೂಬ್ ಇರುವೆ ಇತ್ತು, ಯಾವುದು ಎಲ್ಲಿಯದು ಅನ್ನುವುದಕ್ಕೆ ಆಧಾರ ಇರಲಿಲ್ಲ. ಎಲ್ಲವನ್ನೂ ಚೆಲ್ಲಿದೆ. ಅಂದಿನಿಂದ ಪೆನ್ಸಿಲ್ ಬಿಟ್ಟರೆ ಬೇರೆ ಮುಟ್ಟಿಲ್ಲ. ದಪ್ಪ ಕಾಗದದ ಚೀಟಿ, ಪೆನ್ಸಿಲ್ ಬರಹ, ಟ್ಯೂಬಿನ ಒಳಗೆ. ಜಾಗ, ಅಕ್ಷಾಂಶ ರೇಖಾಂಶ, ತಾರೀಖು, ಹಿಡಿದವರ ಹೆಸರು, ಗೂಡಿನ ಸಂಖ್ಯೆ. ಗೂಡು ಮಣ್ಣಲ್ಲಿತ್ತಾ, ಮರದಲ್ಲಿತ್ತಾ, ಯಾವ ಮರ ಅನ್ನುವುದನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ.

3. ಮೊದಲು ಫೋಟೋ, ಆಮೇಲೆ ಡಿಎನ್‌ಎ

ಲ್ಯಾಬಿಗೆ ಒಯ್ಯುವ ಪ್ರತಿ ಇರುವೆಗೂ ಮೂರು ಫೋಟೋ ತೆಗೆಯಿರಿ: ಮುಖದ ನೇರಕ್ಕೆ, ಪಕ್ಕದಿಂದ, ಮೇಲಿನಿಂದ. ಆಂಟ್‌ವೆಬ್ ಅನ್ನುವ ತಾಣದಲ್ಲಿ ಪ್ರಪಂಚದ ಇರುವೆಗಳ ಫೋಟೋಗಳು ಈ ಮೂರು ಕೋನದಲ್ಲೇ ಇವೆ. ಹೋಲಿಸಲು ಅನುಕೂಲ. ಪ್ರತಿ ಇರುವೆಗೂ ಒಂದು ನಂಬರ್ ಕೊಡಿ. ಇನ್ನು ಮುಂದೆ ಟ್ಯೂಬ್, ಜೆಲ್, ಸೀಕ್ವೆನ್ಸ್, ಪಿನ್ ಎಲ್ಲಕ್ಕೂ ಅದೇ ನಂಬರ್.

4. ಇರುವೆ ಉಳಿಸಿಕೊಂಡೇ ಡಿಎನ್‌ಎ ತೆಗೆಯುವುದು

ಅರೆದು ಪುಡಿ ಮಾಡಿದರೆ ಡಿಎನ್‌ಎ ಜಾಸ್ತಿ ಸಿಗುತ್ತದೆ ನಿಜ. ಆದರೆ ನಾಳೆ ಯಾರಾದರೂ "ಆ ಇರುವೆ ತೋರಿಸಿ" ಅಂದರೆ ಏನು ತೋರಿಸುತ್ತೀರಿ? ಆ ಇರುವೆಗೆ ಲ್ಯಾಬಿನ ಭಾಷೆಯಲ್ಲಿ ವೌಚರ್ ಅನ್ನುತ್ತಾರೆ. ವೌಚರ್ ಇಲ್ಲದ ಬಾರ್‌ಕೋಡ್ ಬಿಲ್ ಇಲ್ಲದ ಸಾಮಾನಿನ ಹಾಗೆ.

ದೊಡ್ಡ ಇರುವೆ ಆದರೆ ಒಂದೇ ಬದಿಯ ಎರಡು ಕಾಲು ಕಿತ್ತರೆ ಸಾಕು, ಇನ್ನೊಂದು ಬದಿ ಪೂರ್ತಿ ಉಳಿಯುತ್ತದೆ. ಎರಡು ಮೂರು ಮಿಲಿಮೀಟರ್‌ನ ಇರುವೆ ಆದರೆ ಇಡೀ ಇರುವೆಯನ್ನೇ ಮುಳುಗಿಸುವುದು. ನಾವು ಮಾಡುವ ಕ್ರಮ ಹೀಗಿದೆ.

ಇರುವೆಯನ್ನು ಎಥನಾಲ್‌ನಿಂದ ತೆಗೆದು ಟಿಶ್ಯೂ ಪೇಪರ್ ಮೇಲೆ ಐದು ನಿಮಿಷ ಆರಲು ಬಿಡಿ. ಎಥನಾಲ್ ಉಳಿದರೆ ಮುಂದಿನ ಕೆಲಸ ಕೆಡುತ್ತದೆ. ಹೊಟ್ಟೆಯ ಅಡಿಭಾಗದಲ್ಲಿ ಸಣ್ಣ ಕೀಟದ ಪಿನ್‌ನಿಂದ ಒಂದು ತೂತು ಮಾಡಿ. ಟ್ಯೂಬಿನಲ್ಲಿ 180 ಮೈಕ್ರೋಲೀಟರ್ ಲೈಸಿಸ್ ಬಫರ್ (ಕೋಶ ಒಡೆಯುವ ದ್ರಾವಣ), 20 ಮೈಕ್ರೋಲೀಟರ್ ಪ್ರೊಟೀನೇಸ್ ಕೆ ಹಾಕಿ ಇರುವೆಯನ್ನು ಅದರಲ್ಲಿ ಮುಳುಗಿಸಿ. 56 ಡಿಗ್ರಿಯಲ್ಲಿ ರಾತ್ರಿಯಿಡೀ ಇಡಿ. ಪ್ರೊಟೀನೇಸ್ ಕೆ ಒಳಗಿನ ಮಾಂಸ ಕರಗಿಸುತ್ತದೆ, ಹೊರಗಿನ ಚಿಪ್ಪನ್ನು ಮುಟ್ಟುವುದಿಲ್ಲ. ಬೆಳಗ್ಗೆ ನೋಡಿದರೆ ಇರುವೆ ಹಾಗೇ ಇರುತ್ತದೆ, ಬಣ್ಣ ಮಾತ್ರ ಸ್ವಲ್ಪ ತಿಳಿ, ಒಳಗೆ ಟೊಳ್ಳು.

ಚಿಮಟದಿಂದ ಮೆಲ್ಲಗೆ ಎತ್ತಿ ನೀರಲ್ಲಿ ತೊಳೆದು, ಮತ್ತೆ ಎಥನಾಲ್‌ನಲ್ಲಿ ತೊಳೆಯಿರಿ. ಆಮೇಲೆ ತ್ರಿಕೋನದ ಸಣ್ಣ ಕಾರ್ಡಿನ ಮೂತಿಗೆ ನೀರಲ್ಲಿ ಕರಗುವ ಅಂಟು ಹಚ್ಚಿ, ಇರುವೆಯ ಮಧ್ಯದ ಮತ್ತು ಹಿಂದಿನ ಕಾಲುಗಳ ಬುಡಕ್ಕೆ ತಾಗುವ ಹಾಗೆ ಕೂರಿಸಿ. ಕಾರ್ಡಿಗೆ ಪಿನ್ ಚುಚ್ಚಿ, ಕೆಳಗೆ ಲೇಬಲ್. ಚಿಮಟವನ್ನು ಪ್ರತಿ ಇರುವೆಗೂ ಬ್ಲೀಚ್ ಮತ್ತು ನೀರಲ್ಲಿ ಒರೆಸಿ. ಟ್ಯೂಬಲ್ಲಿ ಉಳಿದ ದ್ರವದಿಂದ, ಡಿಎನ್‌ಎ ತೆಗೆಯುವ ಕಿಟ್‌ನ ಕ್ರಮದಲ್ಲೇ ಡಿಎನ್‌ಎ ಶುದ್ಧ ಮಾಡಿ. ಕೊನೆಯಲ್ಲಿ 50 ಮೈಕ್ರೋಲೀಟರ್‌ನಲ್ಲೇ ತೆಗೆಯಿರಿ. ಸಣ್ಣ ಇರುವೆಗೆ 200 ಹಾಕಿದರೆ ಸಾರಿಗೆ ಹುಳಿ ಬದಲು ನೀರು ಸುರಿದ ಹಾಗಾಗುತ್ತದೆ.

5. ಪಿಸಿಆರ್

ಪಿಸಿಆರ್ ಅಂದರೆ ಡಿಎನ್‌ಎಯ ಬೇಕಾದ ತುಂಡನ್ನು ಮಾತ್ರ ಮತ್ತೆ ಮತ್ತೆ ನಕಲು ಮಾಡಿ ಹೆಚ್ಚಿಸುವುದು. ಪ್ರೈಮರ್ ಅಂದರೆ ಆ ತುಂಡಿನ ಎರಡು ತುದಿ ಹಿಡಿಯುವ ಕೊಕ್ಕೆ. 1994ರಲ್ಲಿ ಫೋಲ್ಮರ್ ಮತ್ತು ಜೊತೆಗಾರರು ಪ್ರಕಟಿಸಿದ ಜೋಡಿಯೇ ಇಂದಿಗೂ ಮೊದಲ ಆಯ್ಕೆ: ಎಲ್‌ಸಿಒ 1490 ಮತ್ತು ಎಚ್‌ಸಿಒ 2198. ಅದು ಕೆಲಸ ಮಾಡದಿದ್ದರೆ ಚಿಟ್ಟೆಗಳಿಗೆಂದು ಮಾಡಿದ ಲೆಪ್ ಎಫ್1, ಲೆಪ್ ಆರ್1 ಜೋಡಿ ಇರುವೆಗಳಿಗೂ ಎಷ್ಟೋ ಸಲ ಹೊಂದುತ್ತದೆ.

25 ಮೈಕ್ರೋಲೀಟರ್ ಮಿಶ್ರಣಕ್ಕೆ: ಎರಡು ಪಟ್ಟು ಗಾಢತೆಯ ಮಾಸ್ಟರ್ ಮಿಕ್ಸ್ (ಎಂಜೈಮ್ ಸೇರಿಸಿ ತಯಾರಿಟ್ಟ ಮಿಶ್ರಣ) 12.5, ಎರಡು ಪ್ರೈಮರ್ ತಲಾ 1 (ಗಾಢತೆ 10 ಮೈಕ್ರೋಮೋಲಾರ್), ಡಿಎನ್‌ಎ 2, ನೀರು 8.5. ಮೆಷಿನ್‌ಗೆ ಕೊಡುವ ಕಾರ್ಯಕ್ರಮ: ಮೊದಲು 94 ಡಿಗ್ರಿ 1 ನಿಮಿಷ. ನಂತರ 5 ಸುತ್ತು: 94 ಡಿಗ್ರಿ 40 ಸೆಕೆಂಡ್, 45 ಡಿಗ್ರಿ 40 ಸೆಕೆಂಡ್, 72 ಡಿಗ್ರಿ 1 ನಿಮಿಷ. ಆಮೇಲೆ ಇದೇ ಕ್ರಮ 35 ಸುತ್ತು, ಆದರೆ ಮಧ್ಯದ 45ರ ಜಾಗದಲ್ಲಿ 51 ಡಿಗ್ರಿ. ಕೊನೆಗೆ 72 ಡಿಗ್ರಿ 5 ನಿಮಿಷ. ಬಿಸಿಯಾದ ಮೇಲಷ್ಟೇ ಕೆಲಸ ಶುರು ಮಾಡುವ ಹಾಟ್ ಸ್ಟಾರ್ಟ್ ಎಂಜೈಮ್ ಆದರೆ ಮೊದಲ ಬಿಸಿ ಎಷ್ಟು ಹೊತ್ತು ಅಂತ ಅದರ ಚೀಟಿಯಲ್ಲೇ ಇರುತ್ತದೆ. ಮೊದಲ ಐದು ಸುತ್ತು ಸಡಿಲ ಬಿಟ್ಟು ಪ್ರೈಮರ್ ಹೇಗಾದರೂ ಅಂಟಿಕೊಳ್ಳಲಿ ಅನ್ನುವುದು, ಆಮೇಲೆ ಬಿಗಿ ಮಾಡುವುದು.

ಪ್ರತಿ ಸಲವೂ ಒಂದು ಟ್ಯೂಬಿನಲ್ಲಿ ಡಿಎನ್‌ಎ ಬದಲು ನೀರು ಹಾಕಿ. ಇದು ನೆಗೆಟಿವ್ ಕಂಟ್ರೋಲ್. ತುಂಡುಗಳನ್ನು ಉದ್ದದ ಪ್ರಕಾರ ಬೇರೆ ಮಾಡುವ 1.5 ಶೇಕಡಾ ಅಗರೋಸ್ ಜೆಲ್‌ನಲ್ಲಿ ಓಡಿಸಿದಾಗ ಇರುವೆಗಳ ಸಾಲಿನಲ್ಲಿ 700 ಅಕ್ಷರ ಉದ್ದದ ಹತ್ತಿರ ಒಂದೇ ಗಟ್ಟಿ ಬ್ಯಾಂಡ್ ಬರಬೇಕು, ನೀರಿನ ಸಾಲು ಖಾಲಿ ಇರಬೇಕು. ಒಮ್ಮೆ ನಮ್ಮ ನೀರಿನ ಸಾಲಿನಲ್ಲೂ ಚಂದದ ಬ್ಯಾಂಡ್ ಬಂತು. ಹುಡುಗರು "ಸ್ವಲ್ಪ ತೆಳು ಇದೆ, ನಡೆಯುತ್ತೆ ಅಲ್ವಾ?" ಅಂದರು. ನಡೆಯುವುದಿಲ್ಲ. ನೀರಿಗೆ ಇರುವೆ ಡಿಎನ್‌ಎ ಬಂತು ಅಂದರೆ ಉಳಿದ ಟ್ಯೂಬ್‌ಗಳಿಗೂ ಬಂದಿರಬಹುದು. ಪ್ರೈಮರ್, ನೀರು ಎರಡನ್ನೂ ಎಸೆದು ಮೊದಲಿನಿಂದ ಮಾಡಿದೆವು.

ಬ್ಯಾಂಡ್ ಬರದಿದ್ದರೆ ಡಿಎನ್‌ಎಯನ್ನು ಹತ್ತು ಪಟ್ಟು ತೆಳು ಮಾಡಿ ಇನ್ನೊಮ್ಮೆ ನೋಡಿ. ಎಷ್ಟೋ ಸಲ ಡಿಎನ್‌ಎ ಇದ್ದೇ ಇರುತ್ತದೆ, ಜೊತೆಗೆ ಬಂದ ಕೊಳೆ ಅಡ್ಡ ಬರುತ್ತಿರುತ್ತದೆ.

6. ಸೀಕ್ವೆನ್ಸಿಂಗ್

ಇದನ್ನು ಹೊರಗೆ ಕೊಡುವುದೇ ವಾಸಿ. ಒಂದು ಓದಿಗೆ ಕೆಲವು ನೂರು ರೂಪಾಯಿ. ಎರಡೂ ದಿಕ್ಕಿನಿಂದ ಸ್ಯಾಂಗರ್ ವಿಧಾನದಲ್ಲಿ ಓದಿಸಿ. ಹಣ ಉಳಿಸಲು ಒಂದೇ ದಿಕ್ಕು ಅನ್ನಬೇಡಿ. ದೇಶದೊಳಗಿನ ಲ್ಯಾಬಿಗೇ ಕಳಿಸಿ. ಇರುವೆಯನ್ನಾಗಲಿ ಅದರ ಡಿಎನ್‌ಎಯನ್ನಾಗಲಿ ಹೊರದೇಶಕ್ಕೆ ಕಳಿಸುವುದಕ್ಕೆ 2002ರ ಜೀವವೈವಿಧ್ಯ ಕಾಯ್ದೆಯ ಕಟ್ಟುಪಾಡು ಇದೆ. ಅಂಥ ಆಸೆ ಇದ್ದರೆ ಮೊದಲು ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ನಿಯಮ ಓದಿಕೊಳ್ಳಿ.

7. ಬಂದ ಅಕ್ಷರಗಳನ್ನು ನಂಬಬಹುದಾ?

ಇರುವೆಗಳಲ್ಲಿ ಜಾಸ್ತಿ ಜನ ಎಡವುವುದು ಇಲ್ಲಿ. ಫೈಲ್ ತೆರೆದರೆ ಬೆಟ್ಟದ ಸಾಲಿನ ಹಾಗೆ ಬಣ್ಣಬಣ್ಣದ ಶಿಖರಗಳು ಕಾಣುತ್ತವೆ. ಉಗೇನ್, ಮೆಗಾ ಥರದ ಉಚಿತ ಸಾಫ್ಟ್‌ವೇರ್ ಸಾಕು. ತುದಿಗಳಲ್ಲಿ ಕಲಸಿಹೋದ ಭಾಗ ಕತ್ತರಿಸಿ. ಪ್ರೈಮರ್ ಅಕ್ಷರಗಳನ್ನೂ ತೆಗೆಯಿರಿ. ಎರಡು ದಿಕ್ಕಿನ ಓದನ್ನು ಹೊಂದಿಸಿ. ಒಂದೇ ಜಾಗದಲ್ಲಿ ಎರಡು ಶಿಖರ ಒಂದರ ಮೇಲೊಂದು ಕೂತಿದ್ದರೆ ನಿಲ್ಲಿ.

ಒಂದು ಕಾರಣ, ಕಳ್ಳ ಪ್ರತಿಗಳು. ಮೈಟೊಕಾಂಡ್ರಿಯದ ತುಂಡುಗಳು ಹಿಂದೆ ಯಾವಾಗಲೋ ಕೋಶಕೇಂದ್ರದ ಡಿಎನ್‌ಎಗೆ ಹೋಗಿ ಸೇರಿಕೊಂಡಿರುತ್ತವೆ. ಇವಕ್ಕೆ ನುಮ್ಟ್ ಅನ್ನುತ್ತಾರೆ. ಅಲ್ಲಿ ಕೆಲಸ ಇಲ್ಲದೆ ಬಿದ್ದಿರುವುದರಿಂದ ಮನಸ್ಸಿಗೆ ಬಂದ ಹಾಗೆ ಬದಲಾಗಿರುತ್ತವೆ. ಪ್ರೈಮರ್‌ಗೆ ಅಸಲಿ ಯಾವುದು, ಇದು ಯಾವುದು ಗೊತ್ತಾಗುವುದಿಲ್ಲ. ಇರುವೆಗಳಲ್ಲಿ ಇದು ಅಪರೂಪವೇನಲ್ಲ.

ಹಿಡಿಯುವ ಉಪಾಯ ಇದು. 658 ಅಕ್ಷರವನ್ನು ಪ್ರೊಟೀನ್ ಆಗಿ ಓದಿಸಿ ನೋಡಿ. ಎರಡನೇ ಅಕ್ಷರದಿಂದ ಮೂರು ಮೂರಾಗಿ ಓದಬೇಕು, ಆಗ ಸರಿಯಾಗಿ 219 ಅಮೈನೋ ಆಮ್ಲ ಬರುತ್ತದೆ. ನಡುವೆ ಎಲ್ಲೂ ನಿಲುಗಡೆ ಚಿಹ್ನೆ (ಸಾಫ್ಟ್‌ವೇರ್ ಅದನ್ನು ನಕ್ಷತ್ರವಾಗಿ ತೋರಿಸುತ್ತದೆ) ಬರಬಾರದು. ಸಾಫ್ಟ್‌ವೇರ್‌ನಲ್ಲಿ ಬೆನ್ನೆಲುಬಿಲ್ಲದ ಪ್ರಾಣಿಗಳ ಮೈಟೊಕಾಂಡ್ರಿಯದ ಕೋಡ್ ಆರಿಸಿ, ಪಟ್ಟಿಯಲ್ಲಿ ಅದರ ನಂಬರ್ 5. ಇದನ್ನು ಮರೆತರೆ ಟಿಜಿಎ ಬಂದಲ್ಲೆಲ್ಲ ನಕ್ಷತ್ರ ಕಾಣುತ್ತದೆ, ನಿಮಗೆ ಸುಮ್ನೆ ಗಾಬರಿ. ನಂಬರ್ 5ರಲ್ಲಿ ಟಿಜಿಎ ಅಂದರೆ ಟ್ರಿಪ್ಟೊಫಾನ್. ಅಲ್ಲಿ ನಿಲುಗಡೆ ಟಿಎಎ ಮತ್ತು ಟಿಎಜಿ ಮಾತ್ರ. ಈ ಕೋಡ್‌ನಲ್ಲೂ ನಡುವೆ ನಕ್ಷತ್ರ ಬಂದರೆ, ಅಥವಾ ಒಂದೆರಡು ಅಕ್ಷರ ಜಾಸ್ತಿ ಕಡಿಮೆ ಆಗಿದ್ದರೆ, ನಿಮ್ಮ ಕೈಯಲ್ಲಿರುವುದು ಕಳ್ಳ ಪ್ರತಿ ಅಥವಾ ತಪ್ಪು ಓದು. ಆದರೆ ಕೆಲವು ಕಳ್ಳ ಪ್ರತಿಗಳು ನಕ್ಷತ್ರ ಇಲ್ಲದೆಯೂ ದಾಟಿಬಿಡುತ್ತವೆ. ಅದಕ್ಕೇ ಒಂದು ಗೂಡಿನಿಂದ ಒಂದೇ ಇರುವೆ ಸಾಲದು.

ಇನ್ನೊಬ್ಬ ಅತಿಥಿ ವೊಲ್ಬಾಕಿಯಾ. ಕೀಟಗಳ ಕೋಶದೊಳಗೆ ವಾಸಿಸುವ ಬ್ಯಾಕ್ಟೀರಿಯಾ, ತಾಯಿಯ ಮೊಟ್ಟೆಯ ಮೂಲಕ ಮಕ್ಕಳಿಗೆ ದಾಟುತ್ತದೆ. ಅದಕ್ಕೂ ತನ್ನದೇ ಸಿಒಐ ಇದೆ. ನಮ್ಮ ಒಂದು ಟ್ಯೂಬಿನ ಓದು ನೋಡಿದರೆ ಶಿಖರಗಳು ಅಚ್ಚುಕಟ್ಟು, ಜೋಡಣೆ ಸರಾಗ. ಹುಡುಕಿದರೆ ಬಂದ ಹೆಸರು ವೊಲ್ಬಾಕಿಯಾ. ಇರುವೆ ಕಳಿಸಿ ಅದರ ಬಾಡಿಗೆದಾರನ ವಿಳಾಸ ತರಿಸಿಕೊಂಡಿದ್ದೆವು.

ಇದು ಕಣ್ಣಿಗೆ ಬೀಳುವ ತೊಂದರೆ. ಬೀಳದ್ದು ಇನ್ನೊಂದಿದೆ. ವೊಲ್ಬಾಕಿಯಾ ಒಂದು ಜಾತಿಯಲ್ಲಿ ಹರಡುವಾಗ ಅದರ ಜೊತೆಗಿದ್ದ ಮೈಟೊಕಾಂಡ್ರಿಯವೂ ಹರಡುತ್ತದೆ. ಎರಡು ಜಾತಿ ಎಂದಾದರೂ ಬೆರೆತಿದ್ದರೆ ಒಂದರ ಮೈಟೊಕಾಂಡ್ರಿಯ ಇನ್ನೊಂದರಲ್ಲಿ ಕೂತುಬಿಡಬಹುದು. ಆಗ ಎರಡು ಜಾತಿಗೆ ಒಂದೇ ಬಾರ್‌ಕೋಡ್.

8. ಹೋಲಿಸುವುದು

ಶುದ್ಧ ಮಾಡಿದ ಸೀಕ್ವೆನ್ಸನ್ನು ಬಾರ್‌ಕೋಡ್‌ಗಳ ಭಂಡಾರವಾದ ಬೋಲ್ಡ್ ತಾಣದಲ್ಲೂ, ಎಲ್ಲ ಥರದ ಸೀಕ್ವೆನ್ಸ್ ಇರುವ ಜೆನ್‌ಬ್ಯಾಂಕ್‌ನ ಬ್ಲಾಸ್ಟ್ ಅನ್ನುವ ಹುಡುಕು ಸಾಧನದಲ್ಲೂ ಹುಡುಕಿ. ಮೇಲಿನ ಸಾಲಿನ ಹೆಸರು ನಕಲು ಮಾಡಿ ಎದ್ದು ಹೋಗಬೇಡಿ. ಎಷ್ಟು ಉದ್ದ ಹೊಂದಿದೆ, ಎಷ್ಟು ಶೇಕಡಾ ಹೊಂದಿದೆ, ಆ ಇರುವೆ ಎಲ್ಲಿಯದು, ವೌಚರ್ ಇದೆಯಾ, ಯಾರು ಗುರುತಿಸಿದರು, ಇಷ್ಟು ನೋಡಿ. ಮೊದಲ ಹತ್ತು ಸಾಲಿನಲ್ಲಿ ನಾಲ್ಕು ಬೇರೆ ಬೇರೆ ಹೆಸರಿದ್ದರೆ ಯಾರೋ ತಪ್ಪು ಗುರುತಿಸಿದ್ದಾರೆ ಅಂತಲೇ ಲೆಕ್ಕ.

ಆಮೇಲೆ ನಿಮ್ಮವು, ತಾಣದಿಂದ ಇಳಿಸಿದ ಹತ್ತಿರದವು, ದೂರದ ಕುಲದ ಒಂದೆರಡು, ಎಲ್ಲವನ್ನೂ ಸೇರಿಸಿ ಮೆಗಾದಲ್ಲಿ ನೇಬರ್ ಜಾಯಿನಿಂಗ್ ಮರ ಕಟ್ಟಿ, ಅಂದರೆ ಹೋಲುವ ಸೀಕ್ವೆನ್ಸ್‌ಗಳನ್ನು ಹತ್ತಿರದ ಕೊಂಬೆಗಳಲ್ಲಿ ಕೂರಿಸುವ ಚಿತ್ರ. ಯಾವುದು ಯಾರ ಪಕ್ಕ ಕೂರುತ್ತದೆ ಅನ್ನುವುದು ಒಂದೇ ನೋಟಕ್ಕೆ ಸಿಗುತ್ತದೆ.

ಎಷ್ಟು ಬೇರೆಯಾದರೆ ಬೇರೆ ಜಾತಿ? 2 ಶೇಕಡಾ ಅನ್ನುವ ಮಾತು ಎಲ್ಲರ ಬಾಯಲ್ಲಿದೆ. 658ರಲ್ಲಿ 13 ಅಕ್ಷರ ಅಂದರೆ ಹೆಚ್ಚುಕಡಿಮೆ ಅಷ್ಟಾಯಿತು. ಇದನ್ನು ಗೆರೆ ಅಂತ ಹಿಡಿಯಬೇಡಿ. ಕೆಲವು ಇರುವೆಗಳಲ್ಲಿ ರಾಣಿಗೆ ರೆಕ್ಕೆಯೇ ಇರುವುದಿಲ್ಲ, ನಡೆದೇ ಹೊಸ ಗೂಡು ಮಾಡಬೇಕು. ಅಂಥ ಕಡೆ ಒಂದೇ ಜಾತಿಯವು ಬೆಟ್ಟದ ಈಚೆ ಆಚೆ ಇದ್ದರೂ ಮೈಟೊಕಾಂಡ್ರಿಯ ಬಹಳ ಬೇರೆಯಾಗಿರಬಹುದು. ನೋಡಬೇಕಾದ್ದು ನಡುವಿನ ಅಂತರ: ಗುಂಪಿನ ಒಳಗಿನ ವ್ಯತ್ಯಾಸ ಕಡಿಮೆ, ಗುಂಪುಗಳ ನಡುವಿನದು ಅದಕ್ಕಿಂತ ಎಷ್ಟೋ ಜಾಸ್ತಿ ಇದೆಯಾ ಅಂತ. ಅನುಮಾನ ಉಳಿದರೆ ಕೋಶಕೇಂದ್ರದ ಒಂದು ಜೀನ್ ಸೇರಿಸಿ. ವಿಂಗ್‌ಲೆಸ್, ಲಾಂಗ್ ವೇವ್‌ಲೆಂಗ್ತ್ ರೊಡಾಪ್ಸಿನ್ ಅನ್ನುವವು ಇರುವೆಗಳಲ್ಲಿ ಹಳೆಯ ಪರಿಚಯದವು. ಇದಕ್ಕೆ ಗಂಡಿರುವೆ ಸಿಕ್ಕರೆ ಇನ್ನೂ ಒಳ್ಳೆಯದು. ಸಾಮಾನ್ಯವಾಗಿ ಅದು ಫಲೀಕರಣವಾಗದ ಮೊಟ್ಟೆಯಿಂದ ಹುಟ್ಟಿದ್ದು, ವರ್ಣತಂತುಗಳು ಒಂದೇ ಸೆಟ್, ಹಾಗಾಗಿ ಜೋಡಿ ಶಿಖರದ ಕಾಟ ಇಲ್ಲ.

9. ಮತ್ತೆ ಇರುವೆಯ ಹತ್ತಿರ

ವೇತಾಳ ಟೇಕಡಿಯ ಎರಡು ಮರಗಳ ಇರುವೆಗಳು ನಾವು ಮೆಗಾದಲ್ಲಿ ಕಟ್ಟಿದ ಮರದಲ್ಲಿ ಎರಡು ದೂರದ ಕೊಂಬೆ ಹಿಡಿದವು. ಪ್ರಶ್ನೆ ಕೇಳಿದ್ದ ಆ ವಿದ್ಯಾರ್ಥಿನಿ ಪಿನ್ ಮಾಡಿದ ವೌಚರ್‌ಗಳನ್ನು ಮತ್ತೆ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಅರ್ಧ ಗಂಟೆ ಮಾತಿಲ್ಲ. ಆಮೇಲೆ ನನ್ನನ್ನು ಕರೆದು ಬೆನ್ನಿನ ಹಿಂಭಾಗದ ಮುಳ್ಳುಗಳನ್ನು ತೋರಿಸಿದಳು. ಒಂದು ಮರದವಕ್ಕೆ ಮುಳ್ಳು ಉದ್ದ, ಹೊರಗೆ ಬಾಗಿದ್ದು. ಇನ್ನೊಂದರವಕ್ಕೆ ಗಿಡ್ಡ. ಎಲ್ಲ ಇರುವೆಗಳಲ್ಲೂ ಅದೇ. ಬಣ್ಣ ನೋಡುತ್ತಾ ಕೂತಿದ್ದ ನಾವು ಅದನ್ನು ಗಮನಿಸಿರಲೇ ಇಲ್ಲ. ಬಾರ್‌ಕೋಡ್ ಎಲ್ಲಿ ನೋಡಬೇಕು ಅಂತ ಹೇಳಿತ್ತು, ಅಷ್ಟೇ.

ಒಂದಕ್ಕೂ ಜಾತಿಯ ಹೆಸರು ಮಾತ್ರ ಸಿಗಲಿಲ್ಲ. ಇದಕ್ಕೆ ಹಳೆಯ ಕಾರಣ ಇದೆ. ಬಾಂಬೆ ಪ್ರೆಸಿಡೆನ್ಸಿಯ ಅರಣ್ಯಾಧಿಕಾರಿ ರಾಬರ್ಟ್ ರಾಟನ್ 19ನೇ ಶತಮಾನದ ಕೊನೆಗೆ ಈ ಕಡೆಯ ಇರುವೆಗಳನ್ನು ಹಿಡಿದು ಸ್ವಿಟ್ಜರ್ಲೆಂಡ್‌ನ ಆಗಸ್ಟ್ ಫೊರೆಲ್‌ಗೆ ಕಳಿಸುತ್ತಿದ್ದ. ಫೊರೆಲ್ ಹೆಸರಿಡುತ್ತಿದ್ದ. ರಾಟನ್‌ನ ಹೆಸರಿನದೇ ಒಂದು ಕ್ರೆಮಾಟೊಗ್ಯಾಸ್ಟರ್ ಇದೆ. ಹೆಸರಿಡುವಾಗ ಆಧಾರವಾಗಿಟ್ಟ ಇರುವೆಗಳು, ಅಂದರೆ ಮೂಲ ಮಾದರಿಗಳು, ಅನೇಕ ಇರುವುದು ಜಿನೀವಾ, ಲಂಡನ್ ಸಂಗ್ರಹಾಲಯಗಳಲ್ಲಿ. ಅವು ನೂರಕ್ಕೂ ಹೆಚ್ಚು ವರ್ಷದ ಒಣ ಇರುವೆಗಳು. ಹಾಗಾಗಿ ತಾಣದಲ್ಲಿ ಹೆಸರಿನ ಪಕ್ಕ ಕಾಣುವ ಸೀಕ್ವೆನ್ಸ್ ಸಾಮಾನ್ಯವಾಗಿ ಮೂಲ ಮಾದರಿಯದ್ದಲ್ಲ, ಯಾರೋ ಈಚೆಗೆ ಹಿಡಿದು ಹೊಂದಿಸಿದ ಇರುವೆಯದ್ದು. ಮೂಲ ಮಾದರಿಗಳ ಫೋಟೋ ಆಂಟ್‌ವೆಬ್‌ನಲ್ಲಿದ್ದರೆ ಅದಕ್ಕೆ ಹೋಲಿಸಿ. ಪುಣೆ ಪಕ್ಕದ ಆಕುರ್ಡಿಯಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಪಶ್ಚಿಮ ಕೇಂದ್ರವಿದೆ, ಮುಂಬೈಯಲ್ಲಿ ಬಿಎನ್‌ಎಚ್‌ಎಸ್ (ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ) ಸಂಗ್ರಹವಿದೆ. ಮೊದಲೇ ಬರೆದು ಕೇಳಿ, ವೌಚರ್ ಹಿಡಿದುಕೊಂಡು ಹೋಗಿ.

10. ಜಮಾ ಮಾಡುವುದು

ಸೀಕ್ವೆನ್ಸನ್ನು ಫೋಟೋ, ಜಾಗ, ವೌಚರ್ ನಂಬರ್ ಜೊತೆ ಬೋಲ್ಡ್‌ಗೆ ಅಥವಾ ಜೆನ್‌ಬ್ಯಾಂಕ್‌ಗೆ ಸೇರಿಸಿ. ಫರಿದಾಬಾದಿನ ಇಂಡಿಯನ್ ಬಯೋಲಾಜಿಕಲ್ ಡೇಟಾ ಸೆಂಟರ್ ಕೂಡ ಇದೆ. ಹೆಸರು ಗೊತ್ತಿಲ್ಲದಿದ್ದರೆ ಊಹಿಸಿ ಹಾಕಬೇಡಿ. ನಾವು ಹಾಕಿದ್ದು ಕ್ರೆಮಾಟೊಗ್ಯಾಸ್ಟರ್ ಪುಣೆ 1, ಕ್ರೆಮಾಟೊಗ್ಯಾಸ್ಟರ್ ಪುಣೆ 2 ಅಂತ. ಇರುವೆಗಳನ್ನು ನಾಫ್ತಲೀನ್ ಹಾಕಿದ ಪೆಟ್ಟಿಗೆಯಲ್ಲಿಟ್ಟು ಮಳೆಗಾಲದಲ್ಲಿ ಜೊತೆಗೆ ಸಿಲಿಕಾ ಜೆಲ್ ಇಡಿ. ಇಲ್ಲದಿದ್ದರೆ ಜುಲೈನಲ್ಲಿ ಬೂಷ್ಟು ಗ್ಯಾರಂಟಿ.

ಮುಂದೊಂದು ದಿನ ಯಾರಾದರೂ ಸರಿಯಾದ ಹೆಸರು ಹೇಳಿದರೆ ಹೊಸ ಲೇಬಲ್ ಬರೆದು, ಗುರುತಿಸಿದವರ ಹೆಸರು, ವರ್ಷ ಹಾಕಿ, ಅದೇ ಪಿನ್ನಿಗೆ ಕೆಳಗೆ ಸೇರಿಸಿ. ತಪ್ಪಿದ್ದರೂ ಹಳೆಯ ಲೇಬಲ್ ಕೀಳಬೇಡಿ.